ಬೀದಿಯ ಮರಿ ಮನೆಗೆ ಬಂದರೆ: ಮಿರ್ಗ ಮಳೆಗೆ ಮುಂಚೆ ಮುಗಿಸಬೇಕಾದ ಕೆಲಸಗಳು

ನಮ್ಮ ಕಾರವಾರದಲ್ಲಿ ನಾಯಿಮರಿಗಳು ಜಾಸ್ತಿ ಕಣ್ಣಿಗೆ ಬೀಳೋದು ದೀಪಾವಳಿ ಕಳೆದ ಮೇಲೆ. ಬೈತಖೋಲ ಬಂದರಿನ ಬಲೆ ರಾಶಿಯ ಸಂದಿಯಲ್ಲಿ, ಕೋಡಿಬಾಗದ ಅರ್ಧ ಕಟ್ಟಿದ ಮನೆಗಳ ಒಳಗೆ, ಗೂಡಂಗಡಿಯ ಕೆಳಗೆ ನಾಲ್ಕೈದು ಮರಿ ಒಂದರ ಮೇಲೊಂದು ಬಿದ್ದುಕೊಂಡಿರುತ್ತವೆ. ಎಂಟು ವಾರ ತುಂಬಿದ ಮೇಲೆ ಒಂದನ್ನು ಮನೆಗೆ ತಂದರೆ ಮಳೆಗಾಲಕ್ಕೆ ಇನ್ನೂ ನಾಲ್ಕೈದು ತಿಂಗಳು ಸಿಗುತ್ತದೆ. ಚುಚ್ಚುಮದ್ದು, ಆಪರೇಷನ್, ಉಣ್ಣೆಯ (ಉಣುಗಿನ) ಔಷಧಿ ಎಲ್ಲವನ್ನೂ ಆ ಅವಧಿಯಲ್ಲೇ ಮಾಡಿ ಮುಗಿಸಬೇಕು. ಜೂನ್ ಮೊದಲ ವಾರ ಮಿರ್ಗ, ಅಂದರೆ ಮೃಗಶಿರಾ ಮಳೆ, ಹಿಡಿದ ಮೇಲೆ ಇಲ್ಲಿ ನಾಯಿಗೆ ಬರುವ ಒಂದೊಂದು ತೊಂದರೆಯೂ ನೀರಿನ ಜೊತೆ, ಕೆಸರಿನ ಜೊತೆ ಸೇರಿಕೊಂಡೇ ಬರುತ್ತದೆ. ಹಾಗಾಗಿ ಈ ಬರಹವನ್ನು ತಿಂಗಳುಗಳ ಲೆಕ್ಕದಲ್ಲೇ ಬರೆದಿದ್ದೇನೆ.

ಎತ್ತಿಕೊಳ್ಳುವ ಮುಂಚೆ

ಮರಿ ಒಂಟಿಯಾಗಿ ಕುಂಯ್‌ಗುಡುತ್ತಿದೆ ಅಂತ ಕೂಡಲೇ ಎತ್ತಿಕೊಂಡು ಬರಬೇಡಿ. ತಾಯಿ ಊಟ ಹುಡುಕಲು ಹೋಗಿರುತ್ತಾಳೆ. ಮೂರ್ನಾಲ್ಕು ಗಂಟೆ ಬಿಟ್ಟು ಮತ್ತೆ ಹೋಗಿ ನೋಡಿ. ತಾಯಿ ಇದ್ದರೆ ಆಗ ನೀವು ಮಾಡಬಹುದಾದ ದೊಡ್ಡ ಉಪಕಾರ ಅವಳಿಗೆ ಅನ್ನ, ಮೊಟ್ಟೆ, ನೀರು ಇಡೋದು. ಮರಿ ಎಂಟು ವಾರ ತಾಯಿ ಜೊತೆ, ಒಡಹುಟ್ಟಿದವರ ಜೊತೆ ಇರಬೇಕು. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಅನ್ನೋದನ್ನು ಅದು ಕಲಿಯೋದು ಅಲ್ಲೇ.

ವಯಸ್ಸು ಗೊತ್ತಾಗಬೇಕಾದರೆ ಬಾಯಿ ನೋಡಿ. ಕಣ್ಣು ಬಿಡೋದು ಸುಮಾರು ಎರಡು ವಾರಕ್ಕೆ. ಮೂರನೇ ವಾರದ ಹೊತ್ತಿಗೆ ಹಾಲುಹಲ್ಲು ಮೂಡಲು ಶುರು, ಎಂಟು ವಾರಕ್ಕೆ ಸೂಜಿಯಂಥ 28 ಹಲ್ಲೂ ಬಂದಿರುತ್ತವೆ. ಮುಂದಿನ ಹಾಲುಹಲ್ಲು ಉದುರಿ ಅಗಲ ಹಲ್ಲು ಬರುತ್ತಿದ್ದರೆ ನಾಲ್ಕು ತಿಂಗಳು ಆಸುಪಾಸು ಅಂತ ಲೆಕ್ಕ.

ಮೊದಲ ದಿನ

ಸ್ನಾನ ಮಾಡಿಸಬೇಡಿ. ಎಷ್ಟೇ ಕೊಳೆ ಇದ್ದರೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಸುತ್ತಿ ಸಾಕು. ಸಣ್ಣ ಮರಿಗೆ ಮೈ ತಣ್ಣಗಾದರೆ ತಿಂದದ್ದೂ ಜೀರ್ಣ ಆಗಲ್ಲ. ಬಾಟಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ ಪಕ್ಕದಲ್ಲಿ ಇಡಿ. ಹಳೇ ಮನೆಗಳಲ್ಲಿ ಬಚ್ಚಲ ಒಲೆ ಇದ್ದರೆ ಅದರ ಹತ್ತಿರದ ಮೂಲೆಗಿಂತ ಒಳ್ಳೆ ಜಾಗ ಬೇರೆ ಇಲ್ಲ.

ಆಮೇಲೆ ತುಟಿ ಮೇಲೆತ್ತಿ ವಸಡು ನೋಡಿ. ಗುಲಾಬಿ ಬಣ್ಣ ಇರಬೇಕು. ಬೆರಳಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ವಸಡು ಸುಣ್ಣದ ಹಾಗೆ ಬೆಳ್ಳಗಿದ್ದರೆ ಹೊಟ್ಟೆಹುಳು, ಚಿಗಟ ಇಲ್ಲವೇ ಉಣ್ಣೆ ರಕ್ತ ಹೀರಿವೆ ಅಂತ ಅರ್ಥ. ಆ ಮರಿಯನ್ನು ಅವತ್ತೇ ಪಶು ಆಸ್ಪತ್ರೆಗೆ ಒಯ್ಯಿರಿ. ಬೆನ್ನಿನ ಚರ್ಮ ಮೇಲೆತ್ತಿ ಬಿಟ್ಟಾಗ ಅದು ಹಾಗೇ ನಿಂತರೆ ಮೈಯಲ್ಲಿ ನೀರು ಕಡಿಮೆ ಆಗಿದೆ.

ದನದ ಹಾಲನ್ನು ಬಟ್ಟಲು ತುಂಬ ಇಡೋದು ನಮ್ಮ ಕಡೆ ಎಲ್ಲರೂ ಮಾಡುವ ತಪ್ಪು. ಬಹಳ ಮರಿಗಳಿಗೆ ಅದು ಭೇದಿ ತರುತ್ತದೆ. ಮೆತ್ತಗಿನ ಗಂಜಿಗೆ ಬೇಯಿಸಿದ ಮೊಟ್ಟೆ ಅಥವಾ ಕೋಳಿ ಹಿಸುಕಿ, ಉಪ್ಪು ಹಾಕದೆ, ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಕೊಡಿ. ಹಸಿದಿದೆ ಪಾಪ ಅಂತ ಒಂದೇ ಸಲ ಹೊಟ್ಟೆ ತುಂಬಿಸಬೇಡಿ.

ಚುಚ್ಚುಮದ್ದು, ಮತ್ತು ನಾನು ಕಳೆದುಕೊಂಡ ಮರಿ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಾನು ತಂದ ಮೊದಲ ಮರಿ ಉಳಿಯಲಿಲ್ಲ.

ಎರಡು ತಿಂಗಳ ಗಂಡುಮರಿ, ಬೆನ್ನ ಮೇಲೆ ಕಂದು ಮಚ್ಚೆ. ಒಂದು ಚುಚ್ಚುಮದ್ದು ಆಗಿತ್ತು, ಇನ್ನೇನು ಭಯ ಅಂತ ಸಂಜೆ ಹೊತ್ತು ಟಾಗೋರ್ ಬೀಚಿಗೆ ಕರೆದುಕೊಂಡು ಹೋದೆ. ಮರಳು ಮೂಸಿದ, ಬೇರೆ ನಾಯಿಗಳು ಹೋದ ಜಾಗವನ್ನೆಲ್ಲ ಮೂಸಿದ. ಐದನೇ ದಿನ ಬೆಳಿಗ್ಗೆ ತಟ್ಟೆ ಮುಂದೆ ಬಂದು ಕೂತ, ಬಾಯಿ ಹಾಕಲಿಲ್ಲ. ಮಧ್ಯಾಹ್ನ ಹಳದಿ ನೊರೆ ವಾಂತಿ. ರಾತ್ರಿ ರಕ್ತ ಬೆರೆತ ಭೇದಿ, ಮನೆಯೆಲ್ಲ ಕೊಳೆತ ಕಬ್ಬಿಣದಂಥ ವಾಸನೆ. ಬೆಳಗಾಗಲಿ ಅಂತ ಕಾದೆ. ಕಾಯಬಾರದಿತ್ತು. ಎರಡು ದಿನ ಡ್ರಿಪ್ ಹಾಕಿಸಿದೆವು, ಮೂರನೇ ದಿನ ನನ್ನ ತೊಡೆ ಮೇಲೆ ಹೋಯಿತು.

ಅದು ಪಾರ್ವೊ. ಚುಚ್ಚುಮದ್ದು ಪೂರ್ತಿ ಆಗದ ಮರಿಗಳನ್ನು ಇದು ಹುಡುಕಿಕೊಂಡು ಬಂದ ಹಾಗೆ ಹಿಡಿಯುತ್ತದೆ. ಈ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಫಿನಾಯಿಲ್ ಹಾಕಿ ಒರೆಸಿದರೆ ಸಾಯಲ್ಲ. ದ್ರವ ಬ್ಲೀಚ್ ಒಂದು ಪಾಲಿಗೆ ಮೂವತ್ತು ಪಾಲು ನೀರು ಬೆರೆಸಿ, ನೆಲ ಮೊದಲು ಸೋಪಿನಲ್ಲಿ ತೊಳೆದು, ಆಮೇಲೆ ಈ ನೀರು ಹಾಕಿ ಹತ್ತು ನಿಮಿಷ ಬಿಡಬೇಕು. ಮನೆಯಲ್ಲಿ ಪಾರ್ವೊ ಆದ ಮೇಲೆ ಬರುವ ಮರಿ ಚುಚ್ಚುಮದ್ದು ಪೂರ್ತಿ ಆದದ್ದೇ ಆಗಿರಲಿ.

ಮೊದಲ ಚುಚ್ಚುಮದ್ದು ಸಾಲುವುದಿಲ್ಲ ಯಾಕೆ ಅಂದರೆ, ತಾಯಿಯ ಹಾಲಿನಿಂದ ಬಂದ ರಕ್ಷಣೆ ಇನ್ನೂ ಮೈಯಲ್ಲಿ ಇರುವಾಗ ಅದು ಲಸಿಕೆಯನ್ನೂ ಕೆಲಸ ಮಾಡಲು ಬಿಡಲ್ಲ. ಆ ರಕ್ಷಣೆ ಯಾವ ವಾರ ಇಳಿಯುತ್ತದೆ ಅನ್ನೋದು ಮರಿಯಿಂದ ಮರಿಗೆ ಬೇರೆ. ಅದಕ್ಕೇ ಆರರಿಂದ ಎಂಟು ವಾರಕ್ಕೆ ಶುರು ಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರ ಆಗುವವರೆಗೆ ಮತ್ತೆ ಮತ್ತೆ ಕೊಡೋದು. ಪಾರ್ವೊ, ಡಿಸ್ಟೆಂಪರ್ ಅನ್ನುವ ಇನ್ನೊಂದು ವೈರಸ್ ರೋಗ, ಇವುಗಳ ಲಸಿಕೆ ಎಲ್ಲ ಒಂದೇ ಸೂಜಿಯಲ್ಲಿ ಬರುತ್ತವೆ. ರೇಬೀಸ್ ಮೂರು ತಿಂಗಳಿಗೆ, ಬೂಸ್ಟರ್ ವೈದ್ಯರು ಬರೆದ ದಿನಕ್ಕೆ, ಆಮೇಲೆ ವರ್ಷ ವರ್ಷ. ಕರಾವಳಿಯವರು ಇನ್ನೊಂದನ್ನು ಕೇಳಿ ಹಾಕಿಸಲೇಬೇಕು, ಅದು ಲೆಪ್ಟೊ, ಅಂದರೆ ನಮ್ಮ ಇಲಿಜ್ವರ. ಇದು ಎರಡು ಸಲ, ಆಮೇಲೆ ವರ್ಷಕ್ಕೊಮ್ಮೆ.

ಲಸಿಕೆಯನ್ನು ಮೆಡಿಕಲ್‌ನಿಂದ ನೀವೇ ತರುವುದಾದರೆ ಒಂದು ಮಾತು. ಅದು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರಬೇಕು. ಕರೆಂಟ್ ಹೋದಾಗ ಫ್ರಿಜ್ ಹೇಗೆ ನಡೆಯುತ್ತದೆ ಅಂತ ಅಂಗಡಿಯಲ್ಲಿ ಕೇಳಿ, ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಥರ್ಮಸ್‌ನಲ್ಲಿ ಐಸ್ ಹಾಕಿ, ಲಸಿಕೆ ಐಸ್‌ಗೆ ನೇರ ತಾಗದ ಹಾಗೆ ಬಟ್ಟೆ ಸುತ್ತಿ ಒಯ್ಯಿರಿ. ಬಾಟಲಿಯ ಚೀಟಿಯನ್ನು ಲಸಿಕೆ ಪುಸ್ತಕದಲ್ಲಿ ಅಂಟಿಸಿ, ತಾರೀಖು ಬರೆಸಿಕೊಳ್ಳಿ.

16 ವಾರದ ಡೋಸ್ ಆಗಿ ಒಂದೆರಡು ವಾರ ಕಳೆಯುವ ತನಕ ಮರಿಯ ಕಾಲು ಬೀದಿಯ ನೆಲಕ್ಕೆ ತಾಗದಿರಲಿ. ಹೊರಗಿನ ಜಗತ್ತು ತೋರಿಸಬೇಡಿ ಅಂತಲ್ಲ. ಎತ್ತಿಕೊಂಡು ಹೋಗಿ. ಬಸ್ಸು, ಗಂಟೆ, ಪಟಾಕಿ, ಛತ್ರಿ, ಹೆಲ್ಮೆಟ್ ಹಾಕಿದವರು ಎಲ್ಲ ಕೈಯಲ್ಲಿದ್ದಾಗಲೇ ಪರಿಚಯ ಆಗಲಿ.

ಹೊಟ್ಟೆಹುಳದ ಔಷಧಿ ಬೇರೆಯೇ ಲೆಕ್ಕ. ಸಣ್ಣ ಮರಿಗೆ ಎರಡು ವಾರಕ್ಕೊಮ್ಮೆ, ಮೂರು ತಿಂಗಳ ನಂತರ ತಿಂಗಳಿಗೊಮ್ಮೆ, ಆರು ತಿಂಗಳ ಮೇಲೆ ಮೂರು ತಿಂಗಳಿಗೊಮ್ಮೆ. ತೂಕ ನೋಡಿಯೇ ಕೊಡಬೇಕು.

ಉಣ್ಣೆ

ಈಗ ಮನೆಯಲ್ಲಿರುವವಳು ಚುಕ್ಕಿ. ಅವಳಿಗೆ ದಿನಾ ಸಂಜೆ ಹತ್ತು ನಿಮಿಷ ನನ್ನ ಕೈ. ಮೊದಲು ಕಿವಿ. ಕಿವಿಯ ಹೊರ ಅಂಚಿನ ಬುಡದಲ್ಲಿ ಒಂದು ಸಣ್ಣ ಜೇಬಿನಂಥ ಮಡಿಕೆ ಇದೆ ನೋಡಿ, ಅದನ್ನು ಬಿಡಿಸಿ ನೋಡದವರಿಗೆ ಅಲ್ಲಿ ಉಣ್ಣೆ ಕೂತದ್ದು ಗೊತ್ತೇ ಆಗಲ್ಲ. ಆಮೇಲೆ ಕಾಲ್ಬೆರಳ ಸಂದಿ, ಕಂಕುಳು, ಕುತ್ತಿಗೆ ಪಟ್ಟಿಯ ಅಡಿ, ಬಾಲದ ಕೆಳಗೆ. ಸಣ್ಣದು ಎಳ್ಳಿನಷ್ಟಿರುತ್ತದೆ, ರಕ್ತ ಕುಡಿದದ್ದು ಬೂದು ಬಣ್ಣದ ಹರಳುಬೀಜದಷ್ಟು.

ತೆಗೆಯೋದು ಹೀಗೆ: ಚಿಮಟದಲ್ಲಿ ಚರ್ಮಕ್ಕೆ ತಾಗಿದ ಹಾಗೆ ಅದರ ಬಾಯಿಯ ಹತ್ತಿರ ಹಿಡಿದು, ತಿರುಚದೆ ನೇರ ಮೇಲಕ್ಕೆ ಎಳೆಯಿರಿ. ಸೋಪಿನ ನೀರಿಗೋ ಸ್ಪಿರಿಟ್‌ಗೋ ಹಾಕಿ. ಉಗುರಲ್ಲಿ ಚಚ್ಚಬೇಡಿ. ಸೀಮೆಎಣ್ಣೆ ಹಚ್ಚೋದು, ಊದುಬತ್ತಿಯಿಂದ ಸುಡೋದು ಬೇಡವೇ ಬೇಡ.

ಕೈಯಲ್ಲಿ ಹೆಕ್ಕಿದರೆ ಮುಗಿಯಿತು ಅಂದುಕೊಳ್ಳಬೇಡಿ. ಒಂದು ಹೆಣ್ಣು ಉಣ್ಣೆ ಸಾವಿರಾರು ಮೊಟ್ಟೆ ಇಡುತ್ತದೆ, ಅದೂ ನಾಯಿಯ ಮೈಮೇಲೆ ಅಲ್ಲ. ನಮ್ಮ ಚಿರೇಕಲ್ಲಿನ ಗೋಡೆಗಳ ತೂತು, ಬಾಗಿಲ ಚೌಕಟ್ಟಿನ ಬಿರುಕು, ಗೋಣಿಚೀಲದ ಹೊಲಿಗೆ, ಅಲ್ಲಿ. ಹಾಸಿಗೆ ಬಟ್ಟೆಯನ್ನು ವಾರಕ್ಕೊಮ್ಮೆ ಕುದಿಯುವ ನೀರಿಗೆ ಹಾಕಿ, ಗೋಡೆಯ ಬಿರುಕನ್ನು ಬೇಸಿಗೆಯಲ್ಲೇ ಮುಚ್ಚಿಸಿ. ನಾಯಿಗೆ ತಿಂಗಳಿಗೊಮ್ಮೆ ಬೆನ್ನ ಮೇಲೆ ಬಿಡುವ ಫಿಪ್ರೊನಿಲ್ ಹನಿ ಇದೆ, ತಿನ್ನಿಸುವ ಮಾತ್ರೆಗಳಿವೆ. ಕೆಲವು ಮಾತ್ರೆ ಒಂದು ತಿಂಗಳು, ಫ್ಲುರಾಲನರ್ ಇರುವುದು ಸುಮಾರು 12 ವಾರ ಕೆಲಸ ಮಾಡುತ್ತದೆ. ಸಮುದ್ರಕ್ಕೆ ಇಳಿಯುವ ನಾಯಿಗೆ, ಮಳೆಯಲ್ಲಿ ನೆನೆಯುವ ನಾಯಿಗೆ ಮಾತ್ರೆಯೇ ವಾಸಿ ಅಂತ ನನ್ನ ಅನುಭವ. ಫಿಟ್ಸ್ ಬಂದ ನಾಯಿಯಾದರೆ ಆ ಮಾತ್ರೆ ಕೊಡುವ ಮುಂಚೆ ವೈದ್ಯರಿಗೆ ಅದನ್ನು ಹೇಳಿ. ಮನೆಯಲ್ಲಿ ಬೆಕ್ಕಿದ್ದರೆ ಪರ್ಮೆಥ್ರಿನ್ ಇರುವ ಔಷಧಿ ತರಲೇಬೇಡಿ, ನಾಯಿಗೆ ಹಾಕಿದ್ದು ಬೆಕ್ಕಿಗೆ ವಿಷ.

ಇಷ್ಟು ಹೇಳೋದು ಉಣ್ಣೆ ಜ್ವರದ ಕಾರಣಕ್ಕೆ. ಎರ್ಲಿಕಿಯಾ, ಬೆಬೀಸಿಯಾ ಅಂತ ರಕ್ತಕ್ಕೆ ಸೇರುವ ರೋಗಗಳು. ಚುಕ್ಕಿಗೆ ಎರಡನೇ ವರ್ಷದಲ್ಲಿ ಈ ಜ್ವರ ಬಂತು. ಗೇಟಿನ ಸದ್ದಿಗೆ ಓಡಿ ಬರುವವಳು ಅವತ್ತು ತಲೆ ಮಾತ್ರ ಎತ್ತಿದಳು. ಗುದದಲ್ಲಿ ಥರ್ಮಾಮೀಟರ್ ಇಟ್ಟು ನೋಡಿದರೆ 104.5 ಫ್ಯಾರನ್‌ಹೀಟ್. ನಾಯಿಗೆ 101ರಿಂದ 102.5 ಸಹಜ, ನಮ್ಮ ಕೈಗೆ ಯಾವಾಗಲೂ ಬೆಚ್ಚಗೇ ಅನಿಸುತ್ತದೆ, ಹಾಗಾಗಿ ಮುಟ್ಟಿ ನೋಡಿ ಜ್ವರ ಹೇಳೋಕೆ ಆಗಲ್ಲ. ಬಿಳಿಚಿದ ವಸಡು, ಮೂಗಿಂದ ರಕ್ತ, ಹೊಟ್ಟೆಯ ಚರ್ಮದಲ್ಲಿ ಕೆಂಪು ಚುಕ್ಕಿ, ಕಾಫಿ ಬಣ್ಣದ ಮೂತ್ರ, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ರಕ್ತ ಪರೀಕ್ಷೆ ಆಗಬೇಕು. ಎರ್ಲಿಕಿಯಾಕ್ಕೆ ಡಾಕ್ಸಿಸೈಕ್ಲಿನ್ ಮಾತ್ರೆ ಸಾಮಾನ್ಯವಾಗಿ 28 ದಿನ. ನಾಲ್ಕನೇ ದಿನಕ್ಕೇ ನಾಯಿ ಎದ್ದು ಕುಣಿಯುತ್ತದೆ, ಆಗ ನಿಲ್ಲಿಸಿದರೆ ರೋಗ ಮತ್ತೆ ಬರುತ್ತದೆ.

ಒಂದು ಸಿಟ್ಟಿನ ವಿಷಯ ಹೇಳಿಬಿಡುತ್ತೇನೆ. ಅವತ್ತು ಮೊದಲು ಹೋದ ಮೆಡಿಕಲ್‌ನಲ್ಲಿ, ಜ್ವರಕ್ಕೆ ಅಲ್ವಾ, ಮಕ್ಕಳ ಪ್ಯಾರಾಸಿಟಮಾಲ್ ಸಿರಪ್ ಕೊಡಿ ಅಂದರು. ನಾನು ಕೊಡಲಿಲ್ಲ. ನಮ್ಮ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಯಾವುದನ್ನೂ ವೈದ್ಯರು ಹೇಳದೆ ನಾಯಿಗೆ ಕೊಡಬಾರದು. ಲಿವರ್, ಕಿಡ್ನಿ ಹೋಗುತ್ತದೆ.

ಘಟ್ಟದ ಮೇಲೆ ಸಿದ್ದಾಪುರ, ಶಿರಸಿ ಕಡೆಯವರಿಗೆ ಉಣುಗಿನ ಭಯ ಇನ್ನೊಂದು ರೀತಿಯದು, ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ರೋಗ. ಮಳೆ ನಿಂತ ಮೇಲಿನಿಂದ ಬೇಸಿಗೆ ತನಕ ಅದರ ಕಾಲ. ತೋಟದ ಮೇಲಿನ ಬೆಟ್ಟಕ್ಕೆ ಸೊಪ್ಪು, ದರಕು (ಒಣ ಎಲೆ) ತರಲು ಹೋಗುವಾಗ ನಾಯಿ ಹಿಂದೆಯೇ ಬರುತ್ತದಲ್ಲ, ಕಾಡಿನ ಉಣುಗು ಅದರ ಮೈಮೇಲೆ ಮನೆಯೊಳಗೆ ಬರಬಹುದು. ಆ ತಿಂಗಳುಗಳಲ್ಲಿ ನಾಯಿಯನ್ನು ಮನೆಯಲ್ಲೇ ಬಿಟ್ಟು ಹೋಗಿ. ಉಣುಗು ಹತ್ತದ ಹಾಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ನಿಮ್ಮ ಕೈಕಾಲಿಗೆ, ನಾಯಿಗಲ್ಲ. ಇನ್ನೊಂದು, ಕಾಡಂಚಿನ ಮನೆಯವರು ರಾತ್ರಿ ನಾಯಿಯನ್ನು ಅಂಗಳದಲ್ಲಿ ಕಟ್ಟಿ ಮಲಗಬೇಡಿ. ಕಟ್ಟಿದ ನಾಯಿ ಚಿರತೆಗೆ ಬಡಿಸಿಟ್ಟ ಊಟ.

ಮೇ ತಿಂಗಳ ಆಪರೇಷನ್

ನವೆಂಬರಿನಲ್ಲಿ ಹುಟ್ಟಿದ ಮರಿಗೆ ಮೇನಲ್ಲಿ ಆರು ತಿಂಗಳು. ಸಂತಾನಹರಣ ಆಪರೇಷನ್ ಬಗ್ಗೆ ವೈದ್ಯರ ಹತ್ತಿರ ಮಾತಾಡಲು ಸರಿಯಾದ ಹೊತ್ತು. ಗಾಯಕ್ಕೆ ಹತ್ತು ಹನ್ನೆರಡು ದಿನ ನೀರು ತಾಗಬಾರದು, ಜುಲೈನಲ್ಲಿ ಅದು ನಮ್ಮ ಊರಲ್ಲಿ ಆಗುವ ಮಾತಲ್ಲ. ನಾಯಿ ಹೊಲಿಗೆ ನೆಕ್ಕದ ಹಾಗೆ ಕುತ್ತಿಗೆಗೆ ಹಾಕುವ ಬುಟ್ಟಿ ಸಿಗದಿದ್ದರೆ ಹಳೇ ಟೀ ಶರ್ಟಿನ ತೋಳಿಗೆ ಮುಂಗಾಲು ತೂರಿಸಿ, ಬಾಲದ ಮೇಲೆ ಗಂಟು ಹಾಕಿ. ಚುಕ್ಕಿ ನನ್ನ ಅಣ್ಣನ ಮಗನ ಕ್ರಿಕೆಟ್ ಜರ್ಸಿಯಲ್ಲಿ ಹನ್ನೆರಡು ದಿನ ಕಳೆದಳು.

ಒಂದು ಸೂಲು ಆಗಲಿ, ಆಮೇಲೆ ಮಾಡಿಸೋಣ ಅನ್ನುವವರು ಇದ್ದಾರೆ. ಅದರಿಂದ ನಾಯಿಗೆ ಯಾವ ಲಾಭವೂ ಇಲ್ಲ. ಬಸಿರು ಬರೀ 63 ದಿನ, ಐದಾರು ಮರಿ, ಅವುಗಳಿಗೆ ಮನೆ ಹುಡುಕೋದು ಯಾರು? ಆಪರೇಷನ್ ಆಗದ ಹೆಣ್ಣುನಾಯಿಗೆ ವಯಸ್ಸಾದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬುವ ಅಪಾಯವೂ ಇದೆ, ತಡ ಆದರೆ ಜೀವ ಹೋಗುತ್ತದೆ.

ಮಳೆ ಹಿಡಿದ ಮೇಲೆ

ಒಣ ಜಾಗ, ಒಣ ಮೈ. ಮಲಗಲು ನೆಲದಿಂದ ನಾಲ್ಕು ಬೆರಳು ಎತ್ತರದ ಹಲಗೆ, ಅದರ ಮೇಲೆ ಗೋಣಿ. ಹೊರಗಿಂದ ಬಂದಾಗಲೆಲ್ಲ ಕಾಲ್ಬೆರಳ ಸಂದಿ ಒರೆಸಿ. ಕಿವಿಯಿಂದ ಹುಳಿ ವಾಸನೆ ಬಂದರೆ ಒಳಗೆ ಬೂಷ್ಟು ಹಿಡಿದಿದೆ, ಎಣ್ಣೆ ಬಿಡಬೇಡಿ, ತೋರಿಸಿ. ನಿಂತ ನೀರು ಕುಡಿಯಲು ಬಿಡಬೇಡಿ, ಇಲಿಯ ಮೂತ್ರ ಸೇರಿರುತ್ತದೆ. ಕಣ್ಣಿನ ಬಿಳಿ ಹಳದಿ ಆಗಿ, ವಾಂತಿ, ಜ್ವರ ಇದ್ದರೆ ಇಲಿಜ್ವರ ಇರಬಹುದು. ಅದು ನಮಗೂ ಅಂಟುತ್ತದೆ, ಮೂತ್ರ ಒರೆಸುವಾಗ ಕೈಗವಸು ಹಾಕಿ.

ಸಣ್ಣ ಗಾಯಕ್ಕೂ ಈಗ ಎರಡೇ ದಿನದಲ್ಲಿ ಹುಳ ಬೀಳುತ್ತದೆ. ನೊಣ ಕೂರದ ಹಾಗೆ ಪಶು ಔಷಧಿ ಅಂಗಡಿಯ ಗಾಯದ ಸ್ಪ್ರೇ ಮನೆಯಲ್ಲಿ ಇರಲಿ. ಕಜ್ಜಿ ಆದ ಬೀದಿನಾಯಿ ಮೈಗೆ ಗ್ಯಾರೇಜಿನ ಸುಟ್ಟ ಆಯಿಲ್ ಸುರಿಯುವವರನ್ನು ಕಂಡರೆ ದಯವಿಟ್ಟು ತಡೆಯಿರಿ. ನಾಯಿ ಅದನ್ನು ನೆಕ್ಕುತ್ತದೆ, ಒಳಗೆಲ್ಲ ವಿಷ ಆಗುತ್ತದೆ. ಕಜ್ಜಿಗೆ ಈಗ ಒಳ್ಳೆ ಮಾತ್ರೆ ಇದೆ, ಅನ್ನದಲ್ಲಿ ಕಲಸಿ ಕೊಟ್ಟರೂ ಆಯಿತು.

ಮೊದಲ ಮಳೆಗೆ ಕಪ್ಪೆಗಳು ಅಂಗಳಕ್ಕೆ ಬರುತ್ತವೆ. ಒರಟು ಚರ್ಮದ ನೆಲಗಪ್ಪೆಯನ್ನು ನಾಯಿ ಕಚ್ಚಿದರೆ ಬಾಯಲ್ಲಿ ನೊರೆ ಬರುತ್ತದೆ. ತಲೆ ಬಗ್ಗಿಸಿ ಹಿಡಿದು, ಪಕ್ಕದಿಂದ ನೀರು ಬಿಟ್ಟು, ನುಂಗದ ಹಾಗೆ ಹೊರಗೆ ಹರಿಯುವಂತೆ ತೊಳೆಯಿರಿ. ತೂರಾಡಿದರೆ, ಸೆಟೆದರೆ ಆಸ್ಪತ್ರೆಗೆ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟೋದು, ಕೊಯ್ಯೋದು ಏನೂ ಮಾಡದೆ, ನಡೆಸದೆ ಎತ್ತಿಕೊಂಡು ಓಡಿ, ದಾರಿಯಲ್ಲೇ ಫೋನ್ ಮಾಡಿ ಹಾವಿನ ವಿಷದ ಔಷಧಿ ಇದೆಯಾ ಕೇಳಿ.

ಊಟದ ವಿಷಯ ಬೇಗ ಹೇಳುತ್ತೇನೆ. ಬಂಗಡೆ, ತಾರ್ಲೆ ಬೇಯಿಸಿ ಮುಳ್ಳು ತೆಗೆದು ಕೊಡಬಹುದು. ಒಣಮೀನು ಬೇಡ, ಉಪ್ಪು ವಿಪರೀತ. ಮೀನು ಸಾರಿನ ಅನ್ನ ಬೇಡ, ಅದರಲ್ಲಿ ಈರುಳ್ಳಿ ಇರುತ್ತದೆ, ಈರುಳ್ಳಿ ಬೆಳ್ಳುಳ್ಳಿ ನಾಯಿಯ ರಕ್ತ ಕೆಡಿಸುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಬೇಯಿಸಿದ ಕೋಳಿ ಎಲುಬು ಬೇಡ. ಬೀಚಿನಲ್ಲಿ ಸತ್ತು ಬಿದ್ದ ಹೊಟ್ಟೆ ಉಬ್ಬಿದ ಮೀನಿನ ಹತ್ತಿರ ಬಿಡಬೇಡಿ, ಕೆಲವು ಭಯಂಕರ ವಿಷ.

ಮನೆಗೆ ತರಲು ಆಗದವರು

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ದಡಕ್ಕೆ ಬಂದರೆ ಬೈತಖೋಲದ ನಾಯಿಗಳ ಊಟವೂ ನಿಂತ ಹಾಗೆ. ಗೋಕರ್ಣದ ಓಂ, ಕುಡ್ಲೆ ಬೀಚುಗಳಲ್ಲೂ ಅದೇ ಕಥೆ. ಎಂಟು ತಿಂಗಳು ಪ್ರವಾಸಿಗರು ಕೊಟ್ಟ ಬಿಸ್ಕತ್ತು ತಿಂದ ನಾಯಿಗಳು ಗುಡಿಸಲು ಹೋಟೆಲು ಮುಚ್ಚಿದ ಮೇಲೆ ಕಡಲಿಗೆ ಮುಖ ಮಾಡಿ ಕೂತಿರುತ್ತವೆ. ಊಟ ಹಾಕುವ ಮನಸ್ಸಿದ್ದರೆ ಈ ಎರಡು ತಿಂಗಳು ಹಾಕಿ.

ಹೇಗೆ ಅಂದರೆ, ದಿನಾ ಒಂದೇ ಹೊತ್ತು, ಒಂದೇ ಜಾಗ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದ ಪ್ರಕಾರ ಆ ಜಾಗ ಮಕ್ಕಳು ಆಡುವ ಕಡೆ, ಮೆಟ್ಟಿಲು, ಕಟ್ಟಡದ ಬಾಗಿಲ ಹತ್ತಿರ ಇರಬಾರದು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣದಲ್ಲಂತೂ ಹಾಕಲೇಬೇಡಿ. ಅಂಥ ಕಡೆ ಹಿಡಿದ ನಾಯಿಯನ್ನು ವಾಪಸ್ ಅಲ್ಲೇ ಬಿಡಬಾರದು ಅಂತ ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಹೇಳಿದೆ, ನೀವು ಊಟ ಹಾಕಿ ಕರೆದ ನಾಯಿಗೇ ತೊಂದರೆ. ಊಟ ಆದ ಮೇಲೆ ಎಲೆ, ಕಾಗದ ಎತ್ತಿಕೊಂಡು ಬನ್ನಿ. ಪಕ್ಕದ ಮನೆಯವರಿಗೆ ನಾಯಿ ಮೇಲೆ ಸಿಟ್ಟು ಬರೋದು ಅರ್ಧ ಆ ಕಸದಿಂದ.

ತಿನ್ನುವ ನಾಯಿ ನಿಮ್ಮ ಕೈಗೆ ಸಿಗುತ್ತದೆ, ಕೈಗೆ ಸಿಗುವ ನಾಯಿಗೆ ರೇಬೀಸ್ ಲಸಿಕೆ ಹಾಕಿಸಬಹುದು. ಸೆಪ್ಟೆಂಬರ್ 28 ರೇಬೀಸ್ ದಿನ, ಆ ಹೊತ್ತಿಗೆ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆ ಇದೆಯಾ ವಿಚಾರಿಸಿ. ಆಪರೇಷನ್ ನಗರಸಭೆ, ಪಂಚಾಯ್ತಿಯ ಜವಾಬ್ದಾರಿ. ಬಾಯಲ್ಲಿ ಹೇಳಿ ಬರಬೇಡಿ, ನಿಮ್ಮ ಓಣಿಯ ನಾಯಿಗಳ ಫೋಟೊ, ಗಂಡೋ ಹೆಣ್ಣೋ, ಕಿವಿ ತುದಿಯಲ್ಲಿ ಆಪರೇಷನ್ ಆದ ಗುರುತು ಇದೆಯೋ ಇಲ್ಲವೋ ಬರೆದು ಅರ್ಜಿ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬೀದಿನಾಯಿಯ ಜನನಾಂಗದಿಂದ ಹನಿ ಹನಿ ರಕ್ತ ವಾರಗಟ್ಟಲೆ ಬರುತ್ತಿದ್ದರೆ ಅದು ಕೂಡುವಾಗ ಹರಡುವ ಗೆಡ್ಡೆ ಇರಬಹುದು. ನೋಡಲು ಭಯಂಕರ, ಆದರೆ ವಾರಕ್ಕೊಂದರಂತೆ ಕೆಲವು ಇಂಜೆಕ್ಷನ್‌ಗೆ ಹೆಚ್ಚಿನವು ವಾಸಿಯಾಗುತ್ತವೆ.

ಗಾಡಿಗೆ ಸಿಕ್ಕ ನಾಯಿಯನ್ನು ಎತ್ತುವ ಮುಂಚೆ ಬಾಯಿ ಕಟ್ಟಿ, ನೋವಲ್ಲಿ ಎಂಥ ಸಾಧು ನಾಯಿಯೂ ಕಚ್ಚುತ್ತದೆ. ಬಟ್ಟೆಯ ಪಟ್ಟಿಯನ್ನು ಮೂತಿಗೆ ಸುತ್ತಿ, ಗದ್ದದ ಕೆಳಗೆ ದಾಟಿಸಿ, ಕಿವಿಯ ಹಿಂದೆ ಗಂಟು. ವಾಂತಿ ಮಾಡುತ್ತಿದ್ದರೆ, ಉಸಿರು ಕಷ್ಟ ಇದ್ದರೆ ಕಟ್ಟಬೇಡಿ. ಚಾದರದ ಮೇಲೆ ಸರಿಸಿ ಇಬ್ಬರು ಎತ್ತಿ. ಸರ್ಕಾರದ ಸಂಚಾರಿ ಪಶು ಚಿಕಿತ್ಸೆಯ ವಾಹನ ಪಶು ಸಂಜೀವಿನಿಗೆ 1962 ಫೋನ್ ಮಾಡಿ.

ಕಚ್ಚಿದರೆ, ಪರಚಿದರೆ, ಸಾಕಿದ ನಾಯಿಯೇ ಆದರೂ, ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿ 15 ನಿಮಿಷ. ಅರಿಶಿನ, ಸುಣ್ಣ, ಮೆಣಸಿನಪುಡಿ ಏನೂ ಹಾಕದೆ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಚರ್ಮದೊಳಗೆ ಕೊಡುವ ಲಸಿಕೆಯಾದರೆ 0, 3, 7, 28ನೇ ದಿನ. ಚರ್ಮ ಹರಿದು ರಕ್ತ ಬಂದಿದ್ದರೆ ಗಾಯಕ್ಕೇ ಕೊಡುವ ಇಮ್ಯುನೊಗ್ಲೊಬ್ಯುಲಿನ್ ಇಂಜೆಕ್ಷನ್ ಕೇಳಿ. ಲಕ್ಷಣ ಶುರುವಾದ ಮೇಲೆ ರೇಬೀಸ್‌ಗೆ ಮದ್ದಿಲ್ಲ.

ಆಗಸ್ಟ್ 1ಕ್ಕೆ ಬೋಟು ಹೊರಟಿತು ಅಂತ ಅವತ್ತೇ ಊಟ ನಿಲ್ಲಿಸಬೇಡಿ. ಮೊದಲ ವಾರ ಮೀನು ಸರಿಯಾಗಿ ಬಂದಿರಲ್ಲ. ದಿನ ಬಿಟ್ಟು ದಿನ ಹಾಕುತ್ತಾ ಹದಿನೈದು ದಿನದಲ್ಲಿ ಕಡಿಮೆ ಮಾಡಿ. ಆ ಹದಿನೈದು ದಿನ ಅವು ಇನ್ನೂ ನಿಮ್ಮ ದಾರಿ ಕಾಯುತ್ತಿರುತ್ತವೆ, ಲಸಿಕೆ ಆಗದೆ ಉಳಿದವನ್ನು ಹಿಡಿಯಲು ಅದೇ ಸಮಯ.